ವೀರಮ್ಮ ಕೂತ ಜಾಗಕ್ಕೆ ಟವರ್

ಗಾವಡಗೆರೆಯ ಶಿವರುದ್ರಮ್ಮನ ಪ್ರಕಾರ ಲೋಕದ ಮುಕ್ಕಾಲು ಪಾಲು ಜನ ಕೆಲಸಕ್ಕೆ ಬಾರದವರು. ಈ ತೀರ್ಮಾನಕ್ಕೆ ಅವಳು ಬಂದದ್ದು ಮದುವೆಯಾಗಿ ಈ ಊರಿಗೆ ಕಾಲಿಟ್ಟ ವರ್ಷವೇ. ಆಮೇಲೆ ಮೊಬೈಲ್ ಫೋನು ಬಂದು ಅದಕ್ಕೆ ಸಾಕ್ಷಿ ಒದಗಿಸಿತು, ಅಷ್ಟೇ. ಮೊದಲೆಲ್ಲ ಮೋಸ ಹೋಗಬೇಕೆಂದರೂ ಬಸ್ಸು ಹತ್ತಿ ಹುಣಸೂರಿಗೆ ಹೋಗಬೇಕಿತ್ತು. ಅಲ್ಲಿ ಯಾವನಾದರೂ ಹಿತ್ತಾಳೆ ಸರ ತೋರಿಸಿ ಚಿನ್ನ ಅನ್ನಬೇಕಿತ್ತು. ಅದಕ್ಕೂ ಒಂದಿಷ್ಟು ಮೈ ಬಗ್ಗಿಸಬೇಕಿತ್ತು. ಈಗ ಜಗಲಿಯ ಮೇಲೆ ಎಲೆ ಅಡಿಕೆ ಮೆಲ್ಲುತ್ತ ಕುಳಿತವರ ಕಿವಿಗೇ ಮೋಸ ಬಂದು ಕೂಗುತ್ತಿತ್ತು. ಸೋಮಾರಿಗಳಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು ಎಂದು ಅವಳು ಮೂಗು ಮುರಿಯುತ್ತಿದ್ದಳು.

ಮೊದಲು ಬಿದ್ದವಳು ಪಕ್ಕದ ಮನೆಯ ಕೆಂಪಾಜಮ್ಮ. ಯಾವನೋ ಫೋನು ಮಾಡಿ, ತಾನು ಕಂಪನಿಯವನೆಂದೂ, ಹೊಸ ರೀಚಾರ್ಜ್ ಕಾರ್ಡು ತಂದು ಕೆರೆದು ಅದರ ನಂಬರು ಓದಿ ಹೇಳಿದರೆ ಎರಡರಷ್ಟು ದುಡ್ಡು ಹಾಕುವೆನೆಂದೂ ಹೇಳಿದ್ದ. ಕೆಂಪಾಜಮ್ಮ ಅಂಗಡಿಗೆ ಓಡಿದಳು, ಕಾರ್ಡು ತಂದಳು, ಉಗುರಿನಿಂದ ಕೆರೆದಳು, ವ್ರತದ ಕಥೆ ಓದುವಷ್ಟು ಭಕ್ತಿಯಿಂದ ಒಂದೊಂದೇ ಅಂಕಿ ಓದಿದಳು. ಆ ಪುಣ್ಯಾತ್ಮ ನಂಬರನ್ನು ತನ್ನ ಫೋನಿಗೇ ಹಾಕಿಕೊಂಡು ಮಾಯವಾದ. ಇವಳು ಸಂಜೆಯ ತನಕ ಫೋನು ಕೈಯಲ್ಲಿ ಹಿಡಿದು ಕಾದಳು.

"ಕೊಡೋನು ಸುಮ್ನೆ ಕೊಡ್ತಾನೆ. ನಿನ್ ಕೈಲಿರೋದ್ನ ಯಾಕ್ ಕೇಳ್ತಾನೆ? ಅಷ್ಟೂ ತಿಳೀಲಿಲ್ವ ನಿಂಗೆ?" ಎಂದು ಶಿವರುದ್ರಮ್ಮ ಬೇಲಿಯಾಚೆಯಿಂದ ಕೇಳಿದಳು.

"ಭಾಳ ಮರ್ವಾದೆಯಿಂದ ಮಾತಾಡ್ದ ಕಣಕ್ಕ," ಎಂದಳು ಕೆಂಪಾಜಮ್ಮ.

"ಅಂಗಾದ್ರೆ ಅದನ್ನೇ ಇಟ್ಕೊ ಬುಡು."

ಸಂತೆಯಲ್ಲಿ ಬದನೆಕಾಯಿ ಕೊಂಡು ಬೆಳೆದ ಬುದ್ಧಿ ಶಿವರುದ್ರಮ್ಮನದು. ನೀವು ಬುಟ್ಟಿಯ ಕಡೆ ತಿರುಗಿಯೂ ನೋಡದಿರುವಾಗ ಅಕ್ಕಾ, ಅವ್ವಾ ಎಂದು ಸೆರಗು ಹಿಡಿದು ಕರೆಯುವವನ ಬುಟ್ಟಿಯ ತಳದಲ್ಲಿ ಕೊಳೆತದ್ದೇ ಇರುತ್ತದೆ. ಬೇಗ ಬೇಗ ಎಂದು ಅವಸರ ಮಾಡುವವನ ತಕ್ಕಡಿ ಸರಿಯಿರುವುದಿಲ್ಲ. ಪಕ್ಕದವಳಿಗೆ ಹೇಳಬೇಡ, ನಿನಗೆ ಮಾತ್ರ ಈ ಬೆಲೆ ಎನ್ನುವವನಂತೂ ಕಳ್ಳನೇ. ಫೋನಿನಲ್ಲಿ ಬುಟ್ಟಿ ಕಾಣುವುದಿಲ್ಲ, ಮಾತು ಮಾತ್ರ ಅದೇ. ಲಾಟರಿ ಬಂದಿದೆ ಎಂದವನಿಗೆ "ನಿಮ್ಮವ್ವಂಗೆ ಕೊಡೋಗು" ಎಂದು ಹೇಳಿ ಅವಳು ಸಾರಿಗೆ ಒಗ್ಗರಣೆ ಹಾಕಲು ಹೋಗಿದ್ದಳು.

ಹೀಗೆ ಊರನ್ನೆಲ್ಲ ಹೀಯಾಳಿಸುವವಳ ಮನೆಯೊಳಗೇ ಕಂಠಪ್ಪ ಇದ್ದ. ಕಂಠಪ್ಪ ಅವಳ ಗಂಡ. ಒಂದು ಸಲ ಗ್ರಾಮ ಪಂಚಾಯ್ತಿ ಮೆಂಬರಾಗಿ, ಮುಂದಿನ ಸಲ ಸೋತು, ಆವತ್ತಿನಿಂದ ಯಾರೂ ತನ್ನನ್ನು ಕೇಳುವುದಿಲ್ಲವೆಂದು ಕೊರಗುತ್ತಿದ್ದ ಮನುಷ್ಯ. ಹೊಗೆಸೊಪ್ಪು ಮಾರಿದ ವರ್ಷ ಹುಣಸೂರಿನಿಂದ ಒಂದು ಚೈನಾ ಸೆಟ್ಟು ತಂದಿದ್ದ. ಅದರ ದನಿ ಎಷ್ಟು ದೊಡ್ಡದೆಂದರೆ, ಅವನಿಗೆ ಬಂದ ಫೋನನ್ನು ಬೀದಿಯೆಲ್ಲ ಕೇಳುತ್ತಿತ್ತು. ಅದಕ್ಕೊಂದು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ. ಎದೆಯ ಮೇಲೆ ಕರಡಿಗೆಯೊಳಗೆ ಇಷ್ಟಲಿಂಗ, ಅದರ ಪಕ್ಕಕ್ಕೆ ಫೋನು.

"ಬೆಳಿಗ್ಗೆ ಪೂಜೆ ಯಾವುದಕ್ಕೆ ಮಾಡ್ತೀರಿ?" ಎಂದು ಶಿವರುದ್ರಮ್ಮ ಕೇಳಿದ್ದಳು.

ಹಾಡು ಬೇಕಾದರೆ ಒಂದು ಒತ್ತಿ, ಎರಡು ಒತ್ತಿ ಎಂದು ಮೊದಲೇ ರೆಕಾರ್ಡು ಮಾಡಿಟ್ಟ ಹೆಣ್ಣಿನ ದನಿ ಬಂದರೆ ಕಂಠಪ್ಪ ಅದಕ್ಕೂ ಉತ್ತರ ಹೇಳುತ್ತಿದ್ದ. "ಈಗ ಬ್ಯಾಡ ಕಣಮ್ಮ, ಒಲದಲ್ಲಿವ್ನಿ. ನಿಂದು ಊಟ ಆಯ್ತಾ?" ಎಂದು ವಿಚಾರಿಸುತ್ತಿದ್ದ. ಆ ದನಿ ಅವನ ಮಾತಿಗೆ ಕಿವಿಗೊಡದೆ ಮೂರು ಒತ್ತಿ ಎನ್ನುತ್ತಿತ್ತು. ಇಂಥವನನ್ನು ಕಟ್ಟಿಕೊಂಡು ಸಂಸಾರ ತೂಗಿಸಿದ್ದೇ ತನ್ನ ದೊಡ್ಡಸ್ತಿಕೆ ಎಂದು ಶಿವರುದ್ರಮ್ಮ ತಿಳಿದಿದ್ದಳು. ಅದು ಸುಳ್ಳೂ ಅಲ್ಲ.

ಆ ವರ್ಷ ಕಂಠಪ್ಪನ ದಾಯಾದಿ ಚನ್ನಬಸವಣ್ಣನ ಹೊಲದಲ್ಲಿ ನಿಜವಾಗಿಯೂ ಒಂದು ಟವರ್ ಎದ್ದಿತು. ಕಂಪನಿಯವರು ಜೀಪಿನಲ್ಲಿ ಬಂದರು, ಅಳೆದರು, ಕಾಗದ ಮಾಡಿಕೊಂಡರು, ಕಬ್ಬಿಣ ನಿಲ್ಲಿಸಿದರು. ಮೇಲಾಗಿ ತಿಂಗಳು ತಿಂಗಳು ಬಾಡಿಗೆ. ಅದರ ತುದಿಯ ಕೆಂಪು ದೀಪ ಕಂಠಪ್ಪನ ಜಗಲಿಗೆ ಕಾಣುತ್ತಿತ್ತು. ಊಟಕ್ಕೆ ಕೂತರೂ ಅವನ ಕಣ್ಣು ಅದರ ಮೇಲೆ. ಹೊಟ್ಟೆಗೆ ಅನ್ನ ಇದ್ದವನಿಗೆ ಹೊಟ್ಟೆಯುರಿ ಒಂದಿದ್ದರೆ ಸಾಕು, ಕೆಡಲು ಬೇರೇನೂ ಬೇಡ.

ಅಂಥ ಹೊತ್ತಿನಲ್ಲಿ ಆ ಫೋನು ಬಂತು.

"ಕಂಠಪ್ಪ ಸರ್ ಅವರಾ ಮಾತಾಡ್ತಿರೋದು? ಬೆಂಗಳೂರು ಟವರ್ ಆಫೀಸಿಂದ ಮ್ಯಾನೇಜರ್ ಸರ್ ನಾನು. ನಿಮ್ಮ ಹೊಲ ಸೆಲೆಕ್ಟ್ ಆಗಿದೆ. ಸ್ಯಾಟಲೈಟಲ್ಲಿ ನೋಡಿದೀವಿ. ಎತ್ತರದ ಮೂಲೆ ಒಂದಿದೆಯಲ್ಲ ಸರ್, ಖಾಲಿ ಜಾಗ, ಅದೇ ಬೇಕು ನಮಗೆ. ನಮ್ಮ ಇಂಜಿನಿಯರ್ ಬಂದು ನಿಂತು ನೋಡ್ಕೊಂಡು ಹೋಗಿದಾರೆ. ಜಾಗ ಕ್ಲಿಯರ್ ಆಗಿರಲಿ. ರಿಜಿಸ್ಟ್ರೇಶನ್ ದುಡ್ಡು ನಾಳೆ ಸಂಜೆಯೊಳಗೆ ಬ್ಯಾಂಕಿಗೆ ಕಟ್ಟಿಬಿಡಿ. ಮನೇಲೂ ಯಾರಿಗೂ ಹೇಳ್ಬೇಡಿ ಸರ್, ಕಾಂಪಿಟೇಶನ್ ಜಾಸ್ತಿ."

ಸೋತ ಮೇಲೆ ಕಂಠಪ್ಪ ಸರ್ ಎಂಬ ಮಾತು ಕೇಳಿದ್ದು ಅದೇ ಮೊದಲು. ಅವನು ಎದ್ದು ನಿಂತೇ ಮಾತಾಡಿದ. ಯಾರಿಗೂ ಹೇಳಬಾರದ ಆ ಗುಟ್ಟು ಚೈನಾ ಸೆಟ್ಟಿನ ಕೃಪೆಯಿಂದ ಒಳಗೆ ರೊಟ್ಟಿ ತಟ್ಟುತ್ತಿದ್ದ ಶಿವರುದ್ರಮ್ಮನಿಗೂ, ಬೇಲಿಯಾಚೆಯ ಕೆಂಪಾಜಮ್ಮನಿಗೂ ಪೂರ್ತಿಯಾಗಿ ಕೇಳಿಸಿತು.

"ಎತ್ತರದ ಮೂಲೆ ಇಲ್ದಿರೋ ಒಲ ಯಾವ್ದೈತ್ರೀ ಈ ಸೀಮೇಲಿ?" ಎಂದು ಶಿವರುದ್ರಮ್ಮ ಕೈ ಒರೆಸಿಕೊಳ್ಳುತ್ತ ಬಂದಳು. "ಬಾಡ್ಗೆ ಕೊಡೋನು ನಿಮ್ಮತ್ರನೇ ದುಡ್ ಕೇಳ್ತಾನೆ. ಚನ್ನಬಸವಣ್ಣಂಗೆ ಇಂಗೆ ಕೇಳಿದ್ರಾ? ಜೀಪಲ್ಲಿ ಬಂದ್ರು, ಕಾಫಿ ಕುಡುದ್ರು. ಇವ್ನಿಗೆ ಮುಖ ಇಲ್ವ?"

"ನಿಂಗೇನ್ ತಿಳೀತದೆ? ಬರೀ ಬಾಯಿ."

"ಓಗ್ಲಿ, ಆ ಮೂಲೇಲಿ ಏನೈತೆ ಅಂತ ನಿಮ್ಗಾದ್ರೂ ಗೊತ್ತಾ?"

ಕಂಠಪ್ಪನಿಗೆ ಗೊತ್ತಿತ್ತು. ಆ ಎತ್ತರದ ಮೂಲೆಯಲ್ಲಿ ಇದ್ದದ್ದು ಅವನ ತಾಯಿ ವೀರಮ್ಮನ ಸಮಾಧಿ. ಅವರ ಪೈಕಿಯವರು ಸತ್ತವರನ್ನು ಸುಡುವುದಿಲ್ಲ. ತಮ್ಮ ಹೊಲದಲ್ಲೇ ಗುಂಡಿ ತೆಗೆದು, ಕೈಯಲ್ಲಿ ಲಿಂಗವಿಟ್ಟು, ಕೂರಿಸಿ ಮಣ್ಣು ಮಾಡುತ್ತಾರೆ. ವೀರಮ್ಮ ಆ ಜಾಗವನ್ನು ತಾನೇ ಆರಿಸಿಕೊಂಡಿದ್ದಳು. ಅಲ್ಲಿಂದ ಹೊಲವೆಲ್ಲ ಕಾಣುತ್ತದೆ, ಯಾರು ಮೈಗಳ್ಳತನ ಮಾಡುತ್ತಾರೆ ನೋಡಿಕೊಂಡಿರುತ್ತೇನೆ ಎಂದಿದ್ದಳು. ಮೇಲೊಂದು ಕಲ್ಲು, ಕಲ್ಲಿನಲ್ಲಿ ಬಸವ, ಪಕ್ಕದಲ್ಲಿ ಪತ್ರೆ ಗಿಡ. ಬಂದು ನಿಂತು ನೋಡಿದವನಿಗೆ ಅದು ಕಾಣದೆ ಹೋಗಿರಲು ಸಾಧ್ಯವೇ ಇರಲಿಲ್ಲ.

ಬುದ್ಧಿ ಇದ್ದವರಾದರೆ ಇಲ್ಲಿಗೆ ಫೋನು ಮಾಡಿದವನು ಸುಳ್ಳುಗಾರ ಎಂದು ತಿಳಿದು ಫೋನು ಮೂಲೆಗೆಸೆಯುತ್ತಿದ್ದರು. ಕಂಠಪ್ಪ ಹಾಗಲ್ಲ. ದೊಡ್ಡ ಆಫೀಸಿನವರು ಖಾಲಿ ಜಾಗ ಎಂದ ಮೇಲೆ ಅದು ಖಾಲಿ ಇರಬೇಕು, ಇಲ್ಲದಿದ್ದರೆ ಖಾಲಿ ಮಾಡಿಕೊಡುವುದು ತನ್ನ ಕರ್ತವ್ಯ ಎಂದು ಅವನು ರಾತ್ರಿಯೆಲ್ಲ ಯೋಚಿಸಿ ನಿರ್ಧರಿಸಿದ. ಸುಳ್ಳಿಗೆ ತಕ್ಕ ಹಾಗೆ ಹೊಲವನ್ನೇ ತಿದ್ದಲು ಹೊರಟವನು ಹೋಬಳಿಯಲ್ಲಿ ಅವನೊಬ್ಬನೇ ಇರಬೇಕು.

"ಅವ್ವನ್ನ ಅಳ್ಳದ ಕಡೆಗೆ ಸರ್ಸಾನ," ಎಂದ ಬೆಳಿಗ್ಗೆ. "ಅಯ್ನೋರಿಗೆ ಆಮೇಲೆ ಏಳಾನ. ಮಧ್ಯಾಹ್ನದ ಬಸ್ಸಿಗೆ ಓಗಿ ದುಡ್ಡು ಕಟ್ಬುಡ್ತೀನಿ."

ಶಿವರುದ್ರಮ್ಮ ಬಾಗಿಲಿಗೆ ಅಡ್ಡ ನಿಂತಳು. ಅವಳಿಗೇ ಅದು ಆಶ್ಚರ್ಯ. ಅತ್ತೆಯೇನು ಅವಳನ್ನು ಅಂಗೈಯಲ್ಲಿಟ್ಟು ಸಾಕಿದವಳಲ್ಲ. ಮದುವೆಯಾದ ಹೊಸದರಲ್ಲಿ ಸೊಸೆ ಮಾಡಿದ ಮುದ್ದೆಯನ್ನು ಹೆಬ್ಬೆರಳಲ್ಲಿ ಒತ್ತಿ, "ಇದೇನು ಉಣ್ಣಕೋ, ಗೋಡೆಗೆ ಮೆತ್ತಕೋ?" ಎಂದು ನೆಂಟರ ಮುಂದೆ ಕೇಳಿದ್ದಳು. ಸಾಯುವ ತನಕ ಒಂದು ಒಳ್ಳೆಯ ಮಾತಾಡಲಿಲ್ಲ. ಆದರೆ ಸುಳ್ಳನ್ನೂ ಆಡಲಿಲ್ಲ. ಅವಳ ಮುಂದೆ ನಯವಾಗಿ ಮಾತಾಡಿ ಏನನ್ನಾದರೂ ಗಿಟ್ಟಿಸಿಕೊಂಡವನು ಒಬ್ಬನೂ ಇರಲಿಲ್ಲ. ಊರಿನಲ್ಲಿ ಶಿವರುದ್ರಮ್ಮ ಮನಸ್ಸಿನೊಳಗೆ ಗೌರವ ಕೊಟ್ಟ ವ್ಯಕ್ತಿ ಅವಳೊಬ್ಬಳೇ. ಅಂಥವಳನ್ನು, ಮುಖವೇ ಇಲ್ಲದ ಒಬ್ಬ ಕಳ್ಳನ ಮಾತು ಕೇಳಿ, ಹೆತ್ತ ಮಗನೇ ಕಿತ್ತು ಹಾಕುತ್ತೇನೆ ಎನ್ನುತ್ತಿದ್ದ.

ಬೇಡವೆಂದು ಕೂಗಾಡಿದಳು. ಕಂಠಪ್ಪ ಹಾರೆ ಹೆಗಲಿಗೇರಿಸಿಕೊಂಡು, ಕೂಲಿಗೆ ಸಣ್ಣಬೀರಯ್ಯನನ್ನು ಕರೆದುಕೊಂಡು ಹೋಗಿಯೇಬಿಟ್ಟ. ಗಂಡನನ್ನು ಕಟ್ಟಿ ಹಾಕಲು ಅವನೇನು ಹೋರಿಯಲ್ಲ. ಅವಳು ಒಂದು ಬಿಂದಿಗೆ ಮಜ್ಜಿಗೆ, ಒಂದು ಲೋಟ ಹಿಡಿದು ಹಿಂದೆಯೇ ನಡೆದಳು. ಎಷ್ಟು ಕೋಪವಿದ್ದರೂ ಕೂಲಿಯವನನ್ನು ಬಿಸಿಲಲ್ಲಿ ಬಾಯಾರಿಸುವುದು ಆ ಮನೆಯ ಪದ್ಧತಿಯಲ್ಲ. ಆ ಪದ್ಧತಿ ತಂದವಳು ಶಿವರುದ್ರಮ್ಮನೇ.

ಅವಳು ಹೋಗುವ ಹೊತ್ತಿಗೆ ಕಲ್ಲಿನ ಒಂದು ಬದಿ ಮೇಲೆದ್ದಿತ್ತು. ಅಡಿಯ ಮಣ್ಣು ಕಪ್ಪಗೆ ಒದ್ದೆಯಾಗಿ ಕಾಣುತ್ತಿತ್ತು. ಸಣ್ಣಬೀರಯ್ಯನಿಗೆ ಮೀಟಲು ಮನಸ್ಸಿಲ್ಲ. "ಬ್ಯಾಡಿ ಬುದ್ಧಿ, ದೊಡ್ಡವ್ವಾರು ಬೋ ಬಿರುಸು," ಎನ್ನುತ್ತಲೇ ಇದ್ದ. ಅಷ್ಟರಲ್ಲಿ ಕಂಠಪ್ಪನ ಎದೆಯ ಮೇಲಿನ ಚೈನಾ ಸೆಟ್ಟು ಕೂಗಿತು. ಅವನ ಎರಡು ಕೈಯೂ ಹಾರೆಯ ಮೇಲಿದ್ದವು. ಶಿವರುದ್ರಮ್ಮ ಬಿಂದಿಗೆ ಇಳಿಸಿ, ದಾರವನ್ನು ಅವನ ತಲೆಯ ಮೇಲಿಂದ ತೆಗೆದು, ತಾನೇ ಮಾತಾಡಿದಳು.

"ಸರ್ ಇಲ್ವಾ ಮೇಡಂ? ಜಾಗ ಕ್ಲಿಯರ್ ಆಯ್ತಾ? ದುಡ್ಡು ಯಾವಾಗ ಕಟ್ತಾರೆ?" ಎಂದಿತು ದನಿ. ಹೊಲವೆಲ್ಲ ಕೇಳುವ ಹಾಗೆ.

"ಅಲ್ಲ ಸ್ವಾಮಿ, ಇದು ನಮ್ಮತ್ತೆ ಜಾಗ. ವೀರಮ್ಮ ಅಂತ. ಅವ್ರನ್ನ ಒಂದ್ ಮಾತು ಕೇಳ್ದ್ರಾ ನೀವು?"

"ಕೇಳ್ದೆ ಇರ್ತೀವಾ ಮೇಡಂ?" ಒಂದು ಕ್ಷಣವೂ ತಡವಿಲ್ಲ. "ಮೊನ್ನೆ ನಮ್ಮ ಇಂಜಿನಿಯರ್ ಬಂದಾಗ ವೀರಮ್ಮನೋರೇ ಮುಂದೆ ನಿಂತು ಜಾಗ ತೋರ್ಸಿದ್ರಂತೆ. ಬಿಸಿಲಲ್ಲಿ ಬಂದಿದೀಯ ಮಗ ಅಂತ ಮಜ್ಜಿಗೆ ಬೇರೆ ಕೊಟ್ರಂತೆ. ತುಂಬಾ ಒಳ್ಳೆಯವರು ಮೇಡಂ. ಸಂತೋಷವಾಗಿ ಒಪ್ಪಿದಾರೆ."

ಸಣ್ಣಬೀರಯ್ಯ ಹಾರೆ ಕೈಬಿಟ್ಟು ಹಿಂದಕ್ಕೆ ಸರಿದು, ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

"ಅವ್ರೂ ಇಲ್ಲೇ ಅವ್ರೆ. ನೀವೇ ಇನ್ನೊಂದ್ಸಲ ಕೇಳ್ಬುಡಿ," ಎಂದು ಶಿವರುದ್ರಮ್ಮ ಫೋನನ್ನು ಓರೆಯಾಗಿ ನಿಂತಿದ್ದ ಕಲ್ಲಿನ ಮೇಲೆ, ಬಸವನ ಮುಂದೆ ಇಟ್ಟಳು.

"ಅಮ್ಮಾ, ನಮಸ್ಕಾರ! ಚೆನ್ನಾಗಿದೀರಾ ಅಮ್ಮ?" ಎಂದಿತು ಫೋನು. "ನಿಮ್ಮ ಮಗ ದೊಡ್ಡ ಮನುಷ್ಯರು ಬಿಡಿ ಅಮ್ಮ. ಇಂಥ ಮಗನ್ನ ಹೆತ್ತ ನೀವೇ ಪುಣ್ಯವಂತರು. ಮುಂದೆ ನಿಮ್ಮನ್ನ ಮಹಾರಾಣಿ ಥರ ನೋಡ್ಕೋತಾರೆ. ಒಂದ್ಸಲ ಹೂಂ ಅಂದ್ಬಿಡಿ ಸಾಕು. ಅಮ್ಮಾ? ಕೇಳಿಸ್ತಿದೆಯಾ ಅಮ್ಮ?"

ಅಮ್ಮಾ, ಅಮ್ಮಾ ಎಂದು ಅದು ಕರೆಯುತ್ತಲೇ ಇತ್ತು. ಕಂಠಪ್ಪ ಹೆಂಡತಿಯ ಮುಖ ನೋಡಿದ.

"ಏನ್ ಏಳ್ಲಿ ಇವ್ಳೇ?"

"ನನ್ನೇನ್ ಕೇಳ್ತೀರಿ? ಮಗ ನೀವು."

ಕಂಠಪ್ಪ ಮಂಡಿಯೂರಿದ. ಮಣ್ಣು ಮೆತ್ತಿದ ಕೈಯಲ್ಲೇ ಫೋನು ತೆಗೆದುಕೊಂಡ. "ನಮ್ಮವ್ವ ಸತ್ತೋಗಿ ಭಾಳ ವರ್ಷ ಆಯ್ತು ಕಣಯ್ಯ," ಎಂದ.

ಆ ಕಡೆಯವನು ಫೋನು ಕುಕ್ಕಿದ. ತಪ್ಪಾಯಿತು ಎಂದು ಕೂಡ ಹೇಳಲಿಲ್ಲ. ಇನ್ನೊಂದು ಊರಿನ ಇನ್ನೊಬ್ಬ ಕಂಠಪ್ಪನಿಗೆ ಆಗಲೇ ಸರ್ ಎನ್ನುತ್ತಿದ್ದಿರಬೇಕು, ಹಾಳಾದವನು.

ಮೂವರೂ ಸೇರಿ ಕಲ್ಲನ್ನು ಮೊದಲಿದ್ದ ಹಾಗೆ ಕೂರಿಸಿದರು. ಸುತ್ತಲಿನ ಮಣ್ಣನ್ನು ಕಂಠಪ್ಪನೇ ಕೈಯಿಂದ ತಳ್ಳಿ ಒತ್ತಿದ. ಶಿವರುದ್ರಮ್ಮ ಸಣ್ಣಬೀರಯ್ಯನಿಗೆ ಎರಡು ಲೋಟ ಮಜ್ಜಿಗೆ ಬಗ್ಗಿಸಿ ಕುಡಿಸಿ ಕಳಿಸಿದಳು.

"ಅವ್ವ ಮಜ್ಜಿಗೆ ಕೊಟ್ಲಂತೆ," ಎಂದ ಕಂಠಪ್ಪ, ನೆಲ ನೋಡುತ್ತ.

"ನಿಮ್ಮವ್ವ ಬದುಕಿರೋಗಂಟ ಒಬ್ಬರ್ಗೂ ಒಂದ್ ಲೋಟ ಮಜ್ಜಿಗೆ ಕೊಟ್ಟೋರಲ್ಲ. ಸುಳ್ಳು ಏಳೋನು ಅಷ್ಟಾದ್ರೂ ಇಚಾರ್ಸ್ಕಬ್ಯಾಡ್ವ?" ಎಂದು ಅವಳು ಉಳಿದದ್ದನ್ನು ಲೋಟಕ್ಕೆ ಸುರಿದು ಅವನ ಮುಂದೆ ಹಿಡಿದಳು.

ಅವನು ಲೋಟ ತೆಗೆದುಕೊಂಡು ಮನೆಯ ಕಡೆ ತಿರುಗಿದ.

"ಇಲ್ಲೇ ಕೂತ್ಕಂಡು ಕುಡೀರಿ," ಎಂದಳು ಶಿವರುದ್ರಮ್ಮ. "ಅವ್ರು ನೋಡ್ಲಿ."

ಕಂಠಪ್ಪ ಕಲ್ಲಿನ ಪಕ್ಕದಲ್ಲಿ ಕುಳಿತ. ತಾಯಿಯ ಕಡೆ ಮುಖ ಕೊಡಲಾರದೆ, ಅವಳು ನೋಡುತ್ತಿದ್ದ ಹೊಲದ ಕಡೆಗೇ ತಿರುಗಿ, ಲೋಟ ಬರಿದಾಗುವ ತನಕ ಕುಡಿದ.