ಗೋಡೆ ಬಿಟ್ಟು ಗಿಡ ನೆಡುವ ಕನಕಮ್ಮ

ಹೊಸೂರಿನ ಹೊರವಲಯದ ಹೆಣ್ಣುಮಕ್ಕಳ ಹಾಸ್ಟೆಲಿನ ಹಿತ್ತಲಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಬೆಳಗಿನ ಪಾಳಿಯವರನ್ನು ತುಂಬಿಕೊಂಡು ಕಾರ್ಖಾನೆಯ ಬಸ್ಸು ಗೇಟು ದಾಟುತ್ತಿದೆ. ಕನಕಮ್ಮ ಉದ್ದನೆಯ ಕೋಲಿನಿಂದ ಗಿಡಗಳ ಬುಡ ತಟ್ಟುತ್ತ ಬರುತ್ತಾರೆ. ತಟ್ಟಿ, ನಿಂತು ನೋಡಿ, ಆಮೇಲೆ ಕೂತು ಕುಡುಗೋಲು ಹಾಕುತ್ತಾರೆ. ನೆಲ ಮುಟ್ಟುವ ಕೊಂಬೆಗಳೆಲ್ಲ ಹೋಗುತ್ತವೆ. ನಂದಿಬಟ್ಟಲಿನ ಸಾಲು ಗೋಡೆಯಿಂದ ಎರಡು ಮೊಳ ಆಚೆಗಿದೆ. ನಡುವೆ ಬರೀ ಜಲ್ಲಿಕಲ್ಲು. ಅಲ್ಲಿ ಹುಲ್ಲಿನ ಎಳೆ ಕಂಡರೂ ಕಿತ್ತು ಬುಟ್ಟಿಗೆ ಹಾಕುತ್ತಾರೆ.

ಕಣ್ಣು ತುಂಬುವ ಸೊಂಪು ಈ ತೋಟಕ್ಕಿಲ್ಲ. ಇಷ್ಟು ಬೋಳು ಯಾಕೆ ಎಂದು ಹೊಸಬರು ಕೇಳುತ್ತಾರಂತೆ. ಕನಕಮ್ಮ ಮುಂದಿನ ಗಿಡದ ಬುಡ ತಟ್ಟುತ್ತಾರೆ.

ಅವರ ಊರು ಗುಮ್ಮಳಾಪುರ. ವಯಸ್ಸು ಐವತ್ತು ದಾಟಿದೆ. ಗಂಡ ತೀರಿಕೊಂಡ ಮೇಲೆ ಹತ್ತಿರದ ತಳಿ ಎಂಬ ಊರಿನ ಹೂದೋಟಗಳಲ್ಲಿ ಕೂಲಿ ಮಾಡಿ, ಅಲ್ಲಿಂದ ಇಲ್ಲಿಗೆ ಬಂದವರು. ಆಗ ಹಾಸ್ಟೆಲಿನ ಗೋಡೆಗಳಿಗೆ ಮೊದಲ ಮಹಡಿಯವರೆಗೆ ಬಳ್ಳಿ ಹಬ್ಬಿತ್ತು. ಅಡುಗೆಮನೆಯ ಹಿಂಬಾಗಿಲಿಗೆ ತಾಗಿಕೊಂಡೇ ದಟ್ಟ ಪೊದೆ. ಬಂದವರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಆ ಅಡುಗೆಮನೆಯಲ್ಲಿದ್ದವರು ಶ್ಯಾಮಲಮ್ಮ. ಮನೆಮಾತು ತೆಲುಗು. ಕನಕಮ್ಮನದು ಕನ್ನಡ. ಇಬ್ಬರೂ ಎರಡನ್ನೂ ಬೆರೆಸಿ, ಮಧ್ಯೆ ತಮಿಳು ಸೇರಿಸಿ ಮಾತಾಡುತ್ತಿದ್ದರು. ಒಲೆ ಹಚ್ಚಿದೊಡನೆ ಮೊದಲ ಲೋಟ ಕಾಫಿ ಕನಕಮ್ಮನಿಗೆ. ಇಲಿಗಳ ಕಾಟ ತಡೆಯಲಾಗುತ್ತಿಲ್ಲ ಎಂದು ಶ್ಯಾಮಲಮ್ಮ ದಿನಾ ಗೊಣಗುತ್ತಿದ್ದರು. ಪಾಷಾಣ ಇಟ್ಟರು, ಬೋನು ಇಟ್ಟರು. ಇಲಿ ಎಲ್ಲಿ ಮನೆ ಮಾಡಿದೆ ಎಂದು ಯಾರೂ ಹುಡುಕಲಿಲ್ಲ.

ಒಂದು ಮಳೆಗಾಲದ ಬೆಳಗಿನ ಜಾವ ಶ್ಯಾಮಲಮ್ಮ ಅಕ್ಕಿ ತೊಳೆದ ನೀರು ಚೆಲ್ಲಲು ಹಿಂಬಾಗಿಲ ಮೆಟ್ಟಿಲಿಳಿದರು. ಪೊದೆಯೊಳಗೆ ಇಲಿಗೆ ಹೊಂಚಿದ್ದ ಕೊಳಕುಮಂಡಲ ಹಾವು ಕಾಲಿಗೆ ಕಚ್ಚಿತು. ಕೂಗು ಕೇಳಿ ಓಡಿಬಂದ ಕನಕಮ್ಮ, ಹಾಸ್ಟೆಲಿನ ಮೇಲ್ವಿಚಾರಕ ನಂದೀಶ್ ಅವರ ಕಾರಿಗೆ ಗೆಳತಿಯನ್ನು ಹತ್ತಿಸಿದರು. ಹೊಸೂರಿನ ಆಸ್ಪತ್ರೆ, ಅಲ್ಲಿಂದ ಕೃಷ್ಣಗಿರಿ.

“ದಾರಿಯುದ್ದಕ್ಕೂ ಒಂದೇ ಮಾತು ಕಣಣ್ಣ. ಒಲೆ ಮ್ಯಾಲೆ ಅನ್ನ ಐತೆ, ಯಾರಿಗಾನಾ ಆರ್ಸಕ್ಕೇಳು, ಸೀದೋಯ್ತದೆ ಅಂತ. ಕಾಲು ಕಂಬ್ದಂಗೆ ಊದ್ಕೊಂಡಿತ್ತು. ಅವಳಿಗೆ ಅನ್ನದ್ದೇ ಚಿಂತೆ” ಎಂದು ನೆನೆಯುತ್ತಾರೆ ಕನಕಮ್ಮ.

ಮೂತ್ರಪಿಂಡ ಕೆಲಸ ನಿಲ್ಲಿಸಿ, ಮೂರನೆಯ ದಿನ ಶ್ಯಾಮಲಮ್ಮ ತೀರಿಕೊಂಡರು.

ಹಸಿರೆಲ್ಲ ಕಡಿದು ನೆಲಕ್ಕೆ ಸಿಮೆಂಟು ಬಳಿಯಿರಿ ಎಂದು ಮೇಲಿನಿಂದ ಆದೇಶ ಬಂತು. ಬಳ್ಳಿ ಕಿತ್ತವರು ಕನಕಮ್ಮನೇ. ಅದರ ಬುಡದಲ್ಲಿ ಇಲಿಗೂಡುಗಳು ಸಿಕ್ಕವು. ಗೋಣಿಯ ನಾರು, ಹುಡುಗಿಯರ ರಿಬ್ಬನ್ನು, ಒಣಗಿದ ಅನ್ನದ ಅಗುಳು. ಆ ದಿನ ಅವರು ಊಟ ಮಾಡಲಿಲ್ಲ.

ಸಿಮೆಂಟು ಬಳಿದರೆ ಕೋಣೆಗಳು ಕಾದು ಕೆಂಡವಾಗುತ್ತವೆ ಎಂದು ಹುಡುಗಿಯರು ಬೇಡಿಕೊಂಡರು. ನಂದೀಶ್ ತಮಗೆ ಪರಿಚಯವಿದ್ದ ನಿವೃತ್ತ ತೋಟಗಾರಿಕೆ ಅಧಿಕಾರಿಯೊಬ್ಬರನ್ನು ಕರೆತಂದರು. ಅವರು ಇಡೀ ದಿನ ಕನಕಮ್ಮನ ಜೊತೆ ಸುತ್ತಿ ಹೇಳಿಕೊಟ್ಟರು. ಗೋಡೆಗೂ ಗಿಡಕ್ಕೂ ನಡುವೆ ಬಯಲಿರಲಿ. ಬುಡ ಕಾಣುವ ಗಿಡವನ್ನೇ ಆರಿಸಿ. ಕೊಂಬೆ ಸೂರು ಮುಟ್ಟಬಾರದು. ಹಣ್ಣು ಉದುರುವ ಮರ ಅಡುಗೆಮನೆಯ ಹತ್ತಿರ ಬೇಡ. ಕಿಟಕಿಗೆ ತಾಗಿದ್ದ ನುಗ್ಗೆಯಿಂದ ಕಂಬಳಿಹುಳ ಒಳಗೆ ಬರುತ್ತಿತ್ತು, ಅದು ಹೋಯಿತು. ಬಿಳಿ ಹಿಟ್ಟಿನ ಹುಳ ಹತ್ತಿ ಇರುವೆ ಸಾಲು ಕರೆಯುತ್ತಿದ್ದ ದಾಸವಾಳ ಕಾಂಪೌಂಡಿನ ಮೂಲೆಗೆ ಹೋಯಿತು. ನೆರಳಿಗೆಂದು ದೂರದಲ್ಲಿ ಹೊಂಗೆ ಬಂತು. ಸಿಮೆಂಟಿನ ಮಾತು ಅಲ್ಲಿಗೆ ಬಿದ್ದುಹೋಯಿತು.

“ಹಾವು ಓಡ್ಸೋ ಗಿಡ ಅಂತ ನರ್ಸರಿಯೋರು ಮಾರ್ತಾರೆ. ಅಂಗೇನೂ ಇಲ್ಲ. ಇಲಿಗೆ ಜಾಗ ಕೊಡ್ಬಾರ್ದು, ಅಷ್ಟೇಯ” ಎನ್ನುತ್ತಾರೆ ಕನಕಮ್ಮ. ಈಗಲೂ ಇಲಿ ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ ಎಂದು ಅವರೇ ಒಪ್ಪುತ್ತಾರೆ.

ಈ ವರ್ಷ ತೋಟದ ಗುತ್ತಿಗೆ ಬದಲಾಗಿದೆ. ಶ್ಯಾಮಲಮ್ಮನನ್ನು ಕಂಡವರಲ್ಲಿ ಈಗ ಉಳಿದಿರುವುದು ಕನಕಮ್ಮ ಮತ್ತು ನಂದೀಶ್ ಮಾತ್ರ. ಹೊಸ ಗುತ್ತಿಗೆದಾರರಿಗೆ ಮುಂಭಾಗದ ಗೋಡೆ ಹಸಿರಾಗಿ ಕಾಣಬೇಕು. ತಾನು ನೆಡುವುದಿಲ್ಲ ಎಂದರು ಕನಕಮ್ಮ. ಕೆಲಸ ಬಿಡಿಸುತ್ತೇವೆ ಎಂದಾಗ ನಂದೀಶ್ ಅಡ್ಡ ಬಂದು ಉಳಿಸಿಕೊಂಡರು. ಆದರೆ ಬೇರೆಯವರ ಕೈಯಿಂದ ಬಳ್ಳಿ ನೆಡಿಸಿಯಾಗಿದೆ. ಈಗಾಗಲೇ ಅದು ಕಿಟಕಿಯ ಅಂಚಿಗೆ ಬಂದಿದೆ.

“ಕೀಳಕ್ಕೆ ನಂಗೆ ಹಕ್ಕಿಲ್ಲ. ಅದಕ್ಕೇ ಬುಡ ಸವರ್ತಾ ಇರ್ತೀನಿ. ಬೆಳೀತದೆ, ಸವರ್ತೀನಿ. ನನ್ ಕೈಲಿ ಎಷ್ಟು ದಿನ ಆಯ್ತದೋ.”

ನಿಮಗೇನು ಆಸೆ ಎಂದು ಕೇಳಿದರೆ, ತುಂಬಿದ ಬುಟ್ಟಿ ಎತ್ತಿಕೊಳ್ಳುತ್ತ ಹೇಳುತ್ತಾರೆ:

“ನನ್ ತೋಟ ಚೆಂದಾಗೈತೆ ಅಂತ ಯಾರೂ ಅನ್ನಲ್ಲ. ಅನ್ನೋದೂ ಬ್ಯಾಡ. ಹುಡುಗೀರು ಬೆಳಿಗ್ಗೆ ಹೋದಷ್ಟೂ ಜನ ಸಂಜೆ ವಾಪಸ್ ಬಂದು ಉಂಡು ಮಲಗ್ಲಿ. ನಂಗಷ್ಟೇ ಸಾಕು.”