ಕೆರುಗ್ಲದ ಅಳಿಯ ಸಿಯುನೆ

ಕೆರುಗ್ಲದಲ್ಲಿ ಸಿಯುನೆಯನ್ನು ಹೆಸರು ಹಿಡಿದು ಕರೆಯುತ್ತಿದ್ದವನು ನಾನೊಬ್ಬನೇ. ನಾನು ಕಡಲ ಕಡೆಯವನು, ಪೇಟೆಗೂ ಈ ಗುಡ್ಡಗಳಿಗೂ ನಡುವೆ ಟ್ರಕ್ ಓಡಿಸುತ್ತೇನೆ. ಇಲ್ಲಿ ಯಾರ ಮಗಳನ್ನೂ ಮದುವೆಯಾಗಿಲ್ಲ. ಹಾಗಾಗಿ ಎಲ್ಲರನ್ನೂ ಹೆಸರಿಂದಲೇ ಕರೆಯುತ್ತೇನೆ, ಹೆಸರಿಂದಲೇ ಬೈಯುತ್ತೇನೆ. ಸಿಯುನೆಗೆ ಆ ಸುಖವಿರಲಿಲ್ಲ. ಹೆಂಡತಿಯ ಕುಲದವರ ಹೆಸರನ್ನು ಅಳಿಯ ಎತ್ತುವಂತಿಲ್ಲ, ಅವರೂ ಅವನ ಹೆಸರನ್ನು ಎತ್ತುವಂತಿಲ್ಲ. ಎರಡೂ ಕಡೆಯವರು ಒಬ್ಬರನ್ನೊಬ್ಬರು 'ತಂಬು', ಅಂದರೆ ಮದುವೆಯ ನಂಟ, ಅನ್ನಬೇಕು. ಕೆರುಗ್ಲದ ತುಂಬ ಅವನ ಹೆಂಡತಿಯ ಕುಲದವರೇ.

ಮದುವೆಯಾದ ಹೆಣ್ಣು ಗಂಡನ ಊರಿಗೆ ಹೋಗುವುದು ಇಲ್ಲಿನ ರೂಢಿ. ಆದರೆ ಸಿಯುನೆಯ ಊರು ಕುಲದ ಕಾಳಗದಲ್ಲಿ ಸುಟ್ಟುಹೋಗಿ ಅವನ ಜನ ದಿಕ್ಕಾಪಾಲಾಗಿದ್ದರು. ಅದಕ್ಕೆ ಹೆಂಡತಿ ಅಗಾಥಾ ಅವನನ್ನೇ ಇಲ್ಲಿಗೆ ಕರೆತಂದಳು. ಅವಳ ಅಣ್ಣ ಬೊಂಗ್ರೆ ಗೆಣಸು ಬೆಳೆಯಲು ಒಂದು ತುಂಡು ನೆಲ ಬಿಟ್ಟುಕೊಟ್ಟ. ಮಕ್ಕಳಾಗಲಿಲ್ಲ. ಹೋದ ವರ್ಷ ಅಗಾಥಾ ಜ್ವರ ಬಂದು ತೀರಿಕೊಂಡಳು. ಅವಳನ್ನು ಆ ನೆಲದ ಅಂಚಿನಲ್ಲೇ ಮಣ್ಣು ಮಾಡಿದರು.

ಆಮೇಲೆ ಊರಿನವರ ಮಾತಿನ ಧಾಟಿ ಬದಲಾಯಿತು. ಯಾರೂ ಹೋಗು ಅನ್ನಲಿಲ್ಲ. "ನಿಮ್ಮ ಕಡೆ ಜಗಳ ತಣ್ಣಗಾಯ್ತಂತೆ, ತಂಬು?" ಎಂದು ಕೇಳುವರು. ಕೇಳಿ, ಉತ್ತರಕ್ಕೆ ಕಾಯದೆ ಹೋಗಿಬಿಡುವರು. ಸಿಯುನೆ ನನ್ನ ಟ್ರಕ್ಕಿನಲ್ಲಿ ಬಂದು ಕೂತು ಅಡಿಕೆ ಜಗಿಯುತ್ತಿದ್ದ.

"ಸಿಯುನೆ ಅಂತ ಕರೆದ್ರೆ ಬೇಜಾರಾಗುತ್ತಾ?" ಒಮ್ಮೆ ಕೇಳಿದೆ.

"ನೀನು ಕರೆದ್ರೆ ಏನೂ ಇಲ್ಲ ಬಿಡೋ. ನೀನು ನನಗೆ ಯಾರೂ ಅಲ್ವಲ್ಲ," ಎಂದ. ಎಷ್ಟು ಸಲೀಸಾಗಿ ಅಂದ ನೋಡಿ! ನನಗೆ ಸಿಟ್ಟು ಬಂತು. ಅವನಿಗೆ ನಾನಲ್ಲದೆ ಇನ್ಯಾರಿದ್ದರು?

ಅವನನ್ನು ಊರಲ್ಲಿ ಹಿಡಿದಿಟ್ಟಿದ್ದು ರಗ್ಬಿ ಲೀಗ್. ಈ ದೇಶದಲ್ಲಿ ಆ ಆಟಕ್ಕಾಗಿ ಜನ ಊಟ ಬಿಡುತ್ತಾರೆ, ಪೂಜೆಯನ್ನೂ ಬಿಡುತ್ತಾರೆ. ಕೆರುಗ್ಲ ತಂಡದಲ್ಲಿ ಚೆಂಡು ಮೊದಲು ಕೈಗೆ ತೆಗೆದುಕೊಂಡು ಹಂಚುವವನು ಸಿಯುನೆ. ಕಲಿಸುವವನೂ ಅವನೇ. ವಯಸ್ಸಾಗಿತ್ತು, ಹೊಟ್ಟೆಯೂ ಬಂದಿತ್ತು. ಆದರೆ ಕಣ್ಣು ಮಂಜಾಗಿರಲಿಲ್ಲ.

ಈ ವರ್ಷ ಕಪ್ ಹೊಡೆಯಲು ಅಡ್ಡ ನಿಂತಿದ್ದು ದಿಗಾವೆಯವರು. ಅವರದು ಒಂದೇ ವಿದ್ಯೆ. ನಮ್ಮವರು ಚೆಂಡು ಎತ್ತಿದ್ದೇ ತಡ, ಸಾಲಿಗೆ ಸಾಲೇ ನುಗ್ಗಿ ಬರುತ್ತಿತ್ತು. ಪಾಸ್ ಕೈಗೆ ಬೀಳುವುದೂ ಎದೆಗೆ ಭುಜ ಬಡಿಯುವುದೂ ಒಟ್ಟಿಗೇ. ಮೊದಲ ಪಂದ್ಯದಲ್ಲಿ ನಮ್ಮವರನ್ನು ಹಿಂದೆ ಹಿಂದೆ ತಳ್ಳಿ ಹಣ್ಣುಗಾಯಿ ನೀರುಗಾಯಿ ಮಾಡಿದರು. ಅದರ ಮೇಲೆ ಸಿಯುನೆಯ ಫಜೀತಿ ಬೇರೆ. ಅವಸರದಲ್ಲಿ "ತಂಬು!" ಎಂದು ಕೂಗಿ ಚೆಂಡು ಎಸೆದ. ತಂಡವೆಲ್ಲ ಅವನ ತಂಬುಗಳೇ ಅಲ್ಲವೇ? ಮೂವರು ಒಟ್ಟಿಗೆ ಹಾರಿ ತಲೆಗೆ ತಲೆ ಬಡಿದುಕೊಂಡರು. ದಿಗಾವೆಯ ಹೆಂಗಸರು ನಕ್ಕು ನಕ್ಕು ನೆಲಕ್ಕೆ ಕೂತರು.

"ಹೆಸರು ಹೇಳೋಕಾಗದವನು ಆಟ ಹೆಂಗೆ ಆಡಿಸ್ತಾನೆ?" ಎಂದು ಬೊಂಗ್ರೆ ಎಲ್ಲರೆದುರು ರೇಗಿದ. ಅವನು ತಂಡದ ನಾಯಕ.

ಮರುದಿನ ಸಿಯುನೆ ಒಬ್ಬೊಬ್ಬರಿಗೂ ಒಂದೊಂದು ಬೆಳೆಯ ಹೆಸರಿಟ್ಟ. ಗೆಣಸು, ಬಾಳೆ, ಕಬ್ಬು, ಕುಂಬಳ. ಬೊಂಗ್ರೆ ಶುಂಠಿಯಾದ, ಬಾಯಿಗೆ ತಕ್ಕ ಹಾಗೆ. ತನಗೆ ಮಾತ್ರ ಏನೂ ಇಟ್ಟುಕೊಳ್ಳಲಿಲ್ಲ, ಚೆಂಡು ಹೇಗೂ ಮೊದಲು ಅವನ ಕೈಗೇ ಬರುತ್ತದಲ್ಲ.

ಆಮೇಲೆ ಪಾಠ ಶುರುವಾಯಿತು. "ನುಗ್ಗಿ ಬರೋರನ್ನ ಕಂಡು ಹೆದರ್ಬೇಡಿ. ಅವರು ಮುಂದೆ ಬಂದಷ್ಟೂ ಅವರ ಬೆನ್ನ ಹಿಂದೆ ಜಾಗ ಖಾಲಿ ಆಗುತ್ತೆ," ಎಂದು ತಲೆ ಚಿಟ್ಟು ಹಿಡಿಯುವಷ್ಟು ಸಲ ಹೇಳಿದ. ಎಲ್ಲರನ್ನೂ ಇನ್ನಷ್ಟು ಹಿಂದೆ ನಿಲ್ಲಿಸಿದ. ಇಬ್ಬರು ಚೆಂಡು ತಮಗೇ ಬರುವಂತೆ ಓಡಿ ಎದುರಾಳಿಯ ಕಣ್ಣು ಎಳೆಯಬೇಕು. ಪಾಸ್ ಅವರ ಬೆನ್ನ ಹಿಂದಿನಿಂದ ಬರುವವನಿಗೆ. ಅದೂ ಆಗದಿದ್ದರೆ ನುಗ್ಗುವವರ ಹಿಂದಕ್ಕೆ ಚೆಂಡನ್ನು ಕಾಲಿಂದ ಮೆಲ್ಲಗೆ ಉರುಳಿಸಿ ಬಿಡಬೇಕು.

"ಮೆಲ್ಲಗೆ ಒದೆಯೋದು ಹೆಂಗಸರ ಆಟ," ಎಂದ ಬೊಂಗ್ರೆ.

"ಹೋದ್ಸಲ ಗಂಡಸರ ಆಟ ಆಡಿ ಹಲ್ಲು ಕಳ್ಕೊಂಡ್ಯಲ್ಲ ತಂಬು," ಎಂದ ಸಿಯುನೆ. ಎಲ್ಲರೂ ನಕ್ಕರು. ಅಗಾಥಾ ಹೋದಮೇಲೆ ಅವನು ಹಾಗೆ ಮಾತಾಡಿದ್ದನ್ನು ಅಂದೇ ಕೇಳಿದ್ದು.

ಕಪ್ಪಿನ ಪಂದ್ಯಕ್ಕೆ ನಾನೇ ಎಲ್ಲರನ್ನೂ ತುಂಬಿಕೊಂಡು ಹೋದೆ. ದಿಗಾವೆಯವರು ಮತ್ತೆ ನುಗ್ಗಿದರು. "ಕಬ್ಬು!" ಎಂದು ಸಿಯುನೆ ಕೂಗಿದರೆ ಅವರು ತಬ್ಬಿಬ್ಬು, ಅಷ್ಟರಲ್ಲಿ ಕಬ್ಬು ಅವರನ್ನು ದಾಟಿ ಹೋಗಿರುತ್ತಿದ್ದ. ಆದರೂ ಕೊನೆ ಹತ್ತಿರವಾದಾಗ ನಾವು ಒಂದು ಟ್ರೈ, ಅಂದರೆ ಒಮ್ಮೆ ಗೆರೆಯಾಚೆ ಚೆಂಡು ಊರಿದರೆ ಸಿಗುವಷ್ಟು ಅಂಕ, ಹಿಂದಿದ್ದೆವು. ಸಿಯುನೆ ಬೊಂಗ್ರೆಗೆ ಚೆಂಡು ಕೊಟ್ಟು ಅವನ ಹಿಂದಿನಿಂದ ಸುತ್ತಿ ಓಡಿದ. ದಿಗಾವೆಯ ಸಾಲು ಬೊಂಗ್ರೆಯ ಮೇಲೆ ಬೀಳುವುದರಲ್ಲಿತ್ತು. ಬೊಂಗ್ರೆ ಚೆಂಡನ್ನು ಕಾಲಿಗೆ ಬಿಟ್ಟು ಮೆಲ್ಲಗೆ ಅವರ ಹಿಂದಕ್ಕೆ ಉರುಳಿಸಿದ, ಉರುಳಿಸುತ್ತ ಗಂಟಲು ಹರಿಯುವಂತೆ ಕೂಗಿದ.

"ಸಿಯುನೆ! ಓಡು ಸಿಯುನೆ!"

ಸಿಯುನೆ ಓಡಿ ಗೆರೆಯಾಚೆ ಚೆಂಡಿನ ಮೇಲೆ ಬಿದ್ದ, ಅಂಕ ಸಮವಾಯಿತು. ಅದರ ಮೇಲಿನ ಒದೆತವೂ ಕಂಬಗಳ ನಡುವೆ ಹೋಗಿ ನಾವು ಗೆದ್ದೆವು. ಜನ ಮೈದಾನಕ್ಕೆ ನುಗ್ಗಿದರು. ಅವನು ಮಾತ್ರ ಎದ್ದು ಬೊಂಗ್ರೆಯ ಮುಖ ನೋಡುತ್ತ ನಿಂತುಬಿಟ್ಟ. ಆ ಮೈದಾನದಲ್ಲಿ ಬೊಂಗ್ರೆಗೆ ತಂಬು ಅಂತ ಇದ್ದವನು ಅವನೊಬ್ಬನೇ. ತಂಬು ಎಂದು ಕೂಗಿದ್ದರೆ ಬೇರೆ ಯಾರೂ ತಿರುಗುತ್ತಿರಲಿಲ್ಲ.

ಹೆಸರೆತ್ತಿ ಬಾಯಿ ತಪ್ಪುವುದು ಎಲ್ಲರಿಗೂ ಉಂಟು. ತಪ್ಪಿದವನು ಅಂದೇ ಸಂಜೆಯೊಳಗೆ ಒಂದು ಕೋಳಿ ಹಿಡಿದುಕೊಂಡು ತಂಬುವಿನ ಮನೆಗೆ ಬರುತ್ತಾನೆ. ಇಬ್ಬರೂ ಕೂತು ತಿನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಅಗಾಥಾ ಇದ್ದಾಗ ಬೊಂಗ್ರೆ ಒಮ್ಮೆ ಹಾಗೆ ಬಂದದ್ದನ್ನು ನಾನೇ ನೋಡಿದ್ದೇನೆ. ಕೋಳಿ ತಂದರೆ ನಂಟು ಇದೆ ಎಂದರ್ಥ. ನಂಟಿಲ್ಲದವನಿಗೆ ಕೋಳಿ ಯಾಕೆ ತರಬೇಕು?

ಮನೆಗೆ ಮರಳಿದ ಸಿಯುನೆ ಒಲೆ ಹೊತ್ತಿಸಿದ, ಎಸರಿಟ್ಟ. ನಾನು ಜೊತೆಗೆ ಕೂತೆ. "ಗೆದ್ದ ಗಲಾಟೆ, ಕೋಳಿ ಹುಡುಕೋಕೆ ಹೊತ್ತಾಗಿರ್ಬೇಕು," ಎಂದ. ನಾನು ಹೂಂ ಅಂದೆ. ನೀರು ಕುದಿಯುತ್ತಿತ್ತು, ಅವನು ಇನ್ನಷ್ಟು ನೀರು ಹೊಯ್ದ.

ಬಿಸಿಲು ಇಳಿಯುವ ಹೊತ್ತಿಗೆ ಬೊಂಗ್ರೆ ಬಂದ. ಕೈ ಖಾಲಿ. ಬಂದವನೇ ಸಿಯುನೆಯನ್ನು ಬಿಗಿದಪ್ಪಿಕೊಂಡ, ಕಣ್ಣಲ್ಲಿ ನೀರಿತ್ತು. ಸುಳ್ಳಲ್ಲ, ನಿಜವಾದ ಪ್ರೀತಿ.

"ಸಿಯುನೆ, ನೀನಿಲ್ಲದಿದ್ರೆ ಕಪ್ ಕನಸಲ್ಲೂ ಸಿಗ್ತಿರ್ಲಿಲ್ಲ. ಮುಂದಿನ ವರ್ಷಾನೂ ನೀನೇ ಕಲಿಸ್ಬೇಕು. ನೀನು ಎಲ್ಲಿದ್ರೂ ಸರಿ, ಈ ಡ್ರೈವರ್‌ಗೆ ಹೇಳಿ ಟ್ರಕ್ ಕಳಿಸ್ತೀವಿ."

ಸಿಯುನೆ ಒಲೆಯ ಕಡೆ ನೋಡಿದ. "ಆಯ್ತು ತಂಬು," ಎಂದ.

ಬೊಂಗ್ರೆ ಅವನ ಬೆನ್ನು ತಟ್ಟಿ ಹೊರಟುಹೋದ. ಸಿಯುನೆ ಎಸರು ಇಳಿಸಿ ಹೊರಗೆ ಚೆಲ್ಲಿದ. "ನಾಳೆ ಪೇಟೆಗೆ ಹೋಗ್ತೀಯಾ? ಮುಂದಿನ ಸೀಟು ಇಟ್ಟಿರು," ಎಂದ.

ಬೆಳಿಗ್ಗೆ ಅವನು ಹೆಂಡತಿಯ ಗೋರಿಯ ಮೇಲಿನ ಕಳೆ ಕಿತ್ತು, ಕೈ ತೊಳೆಯದೆ ಬಂದು ಟ್ರಕ್ ಹತ್ತಿದ. ಊರಿಗೆ ಊರೇ ರಸ್ತೆಗೆ ಬಂದಿತ್ತು. ಮುದುಕರು, ಹೆಂಗಸರು, ತಂಡದವರು ಎಲ್ಲ ಕಪ್ ಎತ್ತಿ ಹಿಡಿದು ಕುಣಿಯುತ್ತ ಕೂಗುತ್ತಿದ್ದರು.

"ಸಿಯುನೆ! ಸಿಯುನೆ! ಸಿಯುನೆ!"

ಅವನು ಕಿಟಕಿಯ ಗಾಜು ಏರಿಸಿದ.