ಇಲ್ಲ ಎನ್ನಲಾರದ ನೆರೆಮನೆಯವಳು

ನಾನು ಓದಿದ್ದು ಹುಕ್ಕೇರಿಯಲ್ಲಿ, ಸಿಸ್ಟರುಗಳ ಶಾಲೆಯಲ್ಲಿ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎನ್ನಬೇಕಿತ್ತು ಅಲ್ಲಿ. ಮದುವೆಯಾಗಿ ಗೋಕಾಕಕ್ಕೆ ಬಂದ ಮೇಲೆ ಅತ್ತೆ ಆ ರೂಢಿ ಬಿಡಿಸಿದರು. ಡಬ್ಬಿಯ ತಳ ಕಂಡರೂ "ಜ್ವಾಳ ಇಲ್ಲ" ಎನ್ನುವಂತಿಲ್ಲ, "ಜ್ವಾಳ ತರೂದೈತಿ" ಎನ್ನಬೇಕು. ಮನೆಯೊಳಗೆ ನಿಂತು ಇಲ್ಲ ಎಂದರೆ ಲಕ್ಷ್ಮಿ ಕೇಳಿಸಿಕೊಂಡು ಮುನಿಯುತ್ತಾಳಂತೆ.

ಬಾಜೂ ಮನೆಯ ಗೆಳತಿ ಈ ವಿಷಯದಲ್ಲಿ ಅತ್ತೆಗಿಂತ ಒಂದು ಕೈ ಮೇಲು. ಗಂಡ ತೀರಿದ ಮೇಲೆ ಬ್ಲೌಸ್ ಹೊಲಿದು ಬದುಕುತ್ತಾಳೆ. ಮಸಗುಪ್ಪಿಯಲ್ಲಿರುವ ತಂದೆಯ ಹೊಲದಲ್ಲಿ ಪಾಲು ಕೊಡಲು ಅಣ್ಣ ಒಪ್ಪಲಿಲ್ಲ. ದಾವೆ ಹಾಕೋಣವೆಂದರೆ ಕೋರ್ಟ್ ಶುಲ್ಕ ಕೈಮೀರಿದ್ದು. ಕಟ್ಟಲಾಗದವರಿಗೂ ದಾರಿಯಿದೆ, ಆದರೆ ನಿಜಕ್ಕೂ ಆಗುವುದಿಲ್ಲವೇ ಎಂದು ನ್ಯಾಯಾಧೀಶರು ಮೊದಲು ವಿಚಾರಿಸುತ್ತಾರೆ, ಅವರು ಒಪ್ಪಿದರಷ್ಟೇ ದಾವೆ ಎಂದರು ಅವಳ ವಕೀಲರು. ಆ ವಿಚಾರಣೆಗೆ ಮೂಡಲಗಿಯ ಕೋರ್ಟಿಗೆ ಅವಳ ಜೊತೆ ನಾನೂ ಹೊರಟೆ.

ಬಸ್ಸಿನಲ್ಲಿ ಮತ್ತೆ ಮತ್ತೆ ಹೇಳಿದೆ. "ಕೇಳಿದ್ದಕ್ಕ ಖರೆ ಹೇಳು. ಇಲ್ಲಂದ್ರ ಇಲ್ಲ ಅನ್ನು."

"ಹೂಂ ಅಕ್ಕಾರ," ಎನ್ನುತ್ತ ಸೆರಗಿನಲ್ಲಿ ಎದ್ದಿದ್ದ ದಾರದ ಎಳೆಯೊಂದನ್ನು ಹಲ್ಲಿನಿಂದ ಕಡಿದಳು.

ನ್ಯಾಯಾಧೀಶರು ನಮ್ಮದೇ ವಯಸ್ಸಿನ ಹೆಂಗಸು. ಮೆಲ್ಲಗೆ ಕೇಳಿದರು, "ನಿಮ್ಮ ಹತ್ರ ಏನೇನು ಇದೆ?"

"ದೇವರು ಕೊಟ್ಟಿದ್ದು ಎಲ್ಲಾ ಐತ್ರಿ. ಯಾತಕ್ಕೂ ಕಡಿಮಿಲ್ರಿ."

ಅಣ್ಣನ ವಕೀಲರು ಆಗಲೇ ಎದ್ದಿದ್ದರು. "ಬಾಯಿಲೇನ ಒಪ್ಪಿದ್ರಲ್ರಿ. ಶುಲ್ಕ ಕಟ್ಟಲಿ."

ನ್ಯಾಯಾಧೀಶರು ಅವರನ್ನು ಕೂರಿಸಿ, ಪೆನ್ನು ಕೆಳಗಿಟ್ಟು ಇವಳತ್ತ ತಿರುಗಿದರು. "ಎಲ್ಲಾ ಅಂದ್ರೆ? ಮನೆ?"

"ಐತ್ರಿ. ಛಲೋ ಮನಿ. ಬಾಡಿಗಿದು."

"ಹೊಲಿಯೋ ಮಷೀನು?"

"ಐತ್ರಿ. ಅಕ್ಕಾರದು. ಹೊಲ್ಯಾಕ ಕೊಟ್ಟಾರ," ಎಂದು ನನ್ನತ್ತ ಕೈ ತೋರಿಸಿದಳು.

"ಎಮ್ಮೆ, ಆಕಳು?"

"ಎಮ್ಮಿ ಐತ್ರಿ, ಅಣ್ಣನ ಕೊಟ್ಟಿಗ್ಯಾಗ."

"ಅದು ಯಾರದು?"

"ಅವಂದ ರೀ."

ಅಣ್ಣನ ವಕೀಲರೂ ನಕ್ಕರು. ಬೆಳ್ಳಿ ಬಂಗಾರ ಏನಾದರೂ ಉಂಟೆ ಎಂದಾಗ ಅವಳ ಕೈ ಕೊರಳಿಗೆ ಹೋಯಿತು. "ಲಿಂಗದ ಕರಡಗಿ ಐತ್ರಿ, ಬೆಳ್ಳೀದು."

"ಅದನ್ನು ಲೆಕ್ಕಕ್ಕೆ ಹಿಡಿಯೋದಿಲ್ಲ ತಾಯಿ," ಎಂದರು ನ್ಯಾಯಾಧೀಶರು. ಶುಲ್ಕವಿಲ್ಲದೆ ದಾವೆ ನಡೆಸಲು ಒಪ್ಪಿಗೆ ಸಿಕ್ಕಿತು.

ನಾನು ಹಿಗ್ಗಿದೆ. ಅವಳು ಮಾತ್ರ ಬಸ್ ನಿಲ್ದಾಣದವರೆಗೂ ಮುಖ ತಗ್ಗಿಸಿಯೇ ನಡೆದಳು. "ಕಡೀಗೂ ಜಡ್ಜ್ ಮೇಡಂ ನನ್ನ ಕಡೆ ಏನೂ ಇಲ್ಲಂತ ಬರಸಿಬಿಟ್ರಲ್ರಿ ಅಕ್ಕಾರ."

"ಅದಕ್ಕ ನಿನ್ನ ಹೊಲದ ಮಾತು ಕೋರ್ಟಿಗೆ ಬಂತು, ಹುಚ್ಚಿ."

"ಅದು ಖರೆ. ಓಣ್ಯಾಗ ಮಾತ್ರ ಹಂಗ ಹೇಳಬ್ಯಾಡ್ರಿ."

ಓಣಿಗೆ ಕಾಲಿಟ್ಟದ್ದೇ ಎದುರುಮನೆಯ ಅಜ್ಜಿ ಕಟ್ಟೆಯಿಂದಲೇ ಕೇಳಿದರು, "ಏನಾತವಾ?"

"ಕೇಸ್ ತಗೊಂಡಾರ, ಅಜ್ಜಿ," ಎಂದೆ. ಅಷ್ಟೇ ಎಂದೆ.

"ಕೋರ್ಟಂದ್ರ ನನಗ ಕೈಕಾಲು ನಡಗತಾವ. ನೀ ಅಂಜಲಿಲ್ಲೇನ?"

"ಅಂಜೂದ್ಯಾಕ್ರಿ," ಎಂದಳು ಅವಳು, ಬೀಗ ತೆಗೆಯುತ್ತ. "ಮ್ಯಾಲ ಹೆಣ್ಮಗಳ ಕುಂತಿದ್ರು. ಮನಿ ಸುದ್ದಿ ಕೇಳಿದ್ರು, ಎಮ್ಮಿ ಸುದ್ದಿ ಕೇಳಿದ್ರು. ಹೇಳಿ ಬಂದ್ನಿ."